ಹೊಶಿನಾ ಅವರ ಅಂಗಾಲು

ಸ್ನೋಬೋರ್ಡ್ ಪರೀಕ್ಷಿಸುವ ದಿನ ಹೊಶಿನಾ ಸಾನ್ ತೆಳ್ಳಗಿನ ಕಾಲುಚೀಲವನ್ನೇ ಹಾಕುತ್ತಿದ್ದರು. ಮೈನಸ್ ಹನ್ನೆರಡು ಡಿಗ್ರಿ ಇದ್ದರೂ ಅಷ್ಟೇ. ದಪ್ಪ ಉಣ್ಣೆ ಹಾಕಿದರೆ ಹಿಮದ ಮೇಲೆ ಜಾರುವ ಆ ಹಲಗೆ ಹೇಳುವುದು ಅಂಗಾಲಿಗೆ ಕೇಳಿಸುವುದಿಲ್ಲ ಎನ್ನುತ್ತಿದ್ದರು.

ಅವರು ಹುಟ್ಟಿದ್ದು ಜಪಾನಿನ ನಾಗಾನೊ ಸೀಮೆಯ ಒಂದು ಬೆಟ್ಟದ ಬುಡದಲ್ಲಿ. ಅಪ್ಪ ಜನರನ್ನು ತೂಗುಕುರ್ಚಿಯಲ್ಲಿ ಮೇಲಕ್ಕೊಯ್ಯುವ ಆ ಬೆಟ್ಟದ ಲಿಫ್ಟಿನ ಯಂತ್ರ ನೋಡಿಕೊಳ್ಳುತ್ತಿದ್ದವರು. ಮಗ ಹದಿನಾರಕ್ಕೆ ಸ್ನೋಬೋರ್ಡ್ ಹತ್ತಿದ. ಇಪ್ಪತ್ನಾಲ್ಕಕ್ಕೆ ದೊಡ್ಡದೊಂದು ಸ್ಪರ್ಧೆಯಲ್ಲಿ ಒಂಬತ್ತನೆಯವನಾದ. ಒಂಬತ್ತನೆಯವನ ಹೆಸರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಮದುವೆಯಾಗಲಿಲ್ಲ, ಊರು ಬಿಡಲಿಲ್ಲ. ಊರಲ್ಲೇ ಇದ್ದ ಸಣ್ಣ ಸ್ನೋಬೋರ್ಡ್ ಕಾರ್ಖಾನೆಯೊಂದು ಅವರನ್ನು ಪರೀಕ್ಷಕರಾಗಿ ಇಟ್ಟುಕೊಂಡಿತು. ಇಪ್ಪತ್ತೆರಡು ವರ್ಷ, ಅಲ್ಲಿ ತಯಾರಾದ ಪ್ರತಿಯೊಂದು ಮಾದರಿಯೂ ಅವರ ಕಾಲಡಿಯಲ್ಲಿ ಬೆಟ್ಟ ಸುತ್ತಿ ಬಂದ ಮೇಲೆಯೇ ಅಂಗಡಿಗೆ ಹೋಗುತ್ತಿತ್ತು.

ಹೊಶಿನಾ ಅವರನ್ನು ವಿಶಾಲಾಕ್ಷಿ ಕಂಡದ್ದು ಆ ಕೆಲಸದ ಮೂಲಕ. ಮೈಸೂರಿನವಳು, ಜಪಾನಿನ ಕಾಶಿವಾ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಮರ ಮತ್ತು ನಾರಿನ ಪದರಗಳಲ್ಲಿ ಕಂಪನ ಹೇಗೆ ಸಾಯುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದಳು. ಹಲಗೆಗೆ ಉಗುರಿನಷ್ಟು ಸೆನ್ಸರ್‌ಗಳನ್ನು ಅಂಟಿಸಿ ಬೆಟ್ಟದ ಬುಡದ ಗುಡಿಸಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವಳು. ಹೊಶಿನಾ ಸಾನ್ ಇಳಿದು ಬಂದವರೇ ಹಾಳೆಯ ಮೇಲೆ ಪೆನ್ಸಿಲಿನಿಂದ ಹತ್ತಕ್ಕೆ ಇಷ್ಟು ಅಂತ ಅಂಕ ಬರೆಯುವರು. ಬರೆದಾದ ಮೇಲೆಯೇ ಪರದೆ ಅವರ ಕಡೆ ತಿರುಗಬೇಕು. ಮೊದಲು ಪಾದ, ಆಮೇಲೆ ಯಂತ್ರ. ಎರಡು ಚಳಿಗಾಲದಲ್ಲಿ ಒಮ್ಮೆಯೂ ಎರಡರ ಮಾತು ಬೇರೆಯಾಗಿರಲಿಲ್ಲ.

ಮೂರನೆಯದು 2022ರ ಜನವರಿ. ಹಿಂದಿನ ಆಗಸ್ಟಿನಲ್ಲಿ ಹೊಶಿನಾ ಸಾನ್‌ಗೆ ಕೊರೋನಾ ಬಂದಿತ್ತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಹದಿನೇಳು ದಿನ ಮನೆಯಲ್ಲಿ ಒಬ್ಬರೇ ಮಲಗಿದ್ದರು. ಬಾಗಿಲ ಹೊರಗೆ ಯಾರೋ ಅಕ್ಕಿ ಗಂಜಿಯ ಪೊಟ್ಟಣ ಇಟ್ಟು ಹೋಗುತ್ತಿದ್ದರಂತೆ. "ಈಗ ಆರಾಮ," ಎಂದರು. ಕೆನ್ನೆ ಒಳಗೆ ಹೋಗಿತ್ತು. ಅವಳು ಮತ್ತೆ ಕೇಳಲಿಲ್ಲ.

ಜನ ಬರುವುದಿಲ್ಲವೆಂದು ಆ ಚಳಿಗಾಲ ಬೆಟ್ಟದವರು ಪಾರ್ಕ್ ಕಟ್ಟಲಿಲ್ಲ. ಪಾರ್ಕ್ ಎಂದರೆ ಹಿಮ ಪೇರಿಸಿ ದಿಬ್ಬ ಮಾಡಿ, ಕಬ್ಬಿಣದ ಕಂಬಿ ನೆಟ್ಟು, ಹುಡುಗರು ಹಾರಿ ಜಾರಿ ಆಡುವ ಅಂಗಳ. ಕಾರ್ಖಾನೆಯ ಶೆಡ್ಡಿನಲ್ಲಿ ಮುನ್ನೂರು ಪಾರ್ಕ್ ಹಲಗೆಗಳು ಬಿದ್ದಿದ್ದವು. ಎರಡೂ ತುದಿ ಒಂದೇ ಥರ, ಮೆತ್ತಗೆ ಬಾಗುವಂಥವು. ಮಾಲೀಕ ಕಾಮಿಜೋ ಸಾನ್ ಒಂದು ದಾರಿ ಹುಡುಕಿದರು: ಐದು ಬಗೆಯ ಪರೀಕ್ಷೆಯಲ್ಲೂ ಹೊಶಿನಾ ಐದಕ್ಕೆ ಕಡಿಮೆಯಿಲ್ಲದೆ ಅಂಕ ಕೊಟ್ಟರೆ 'ಇಡೀ ಬೆಟ್ಟಕ್ಕೆ ಒಂದೇ ಹಲಗೆ' ಎಂದು ಅಚ್ಚು ಹಾಕಿಸಿ ಅಂಗಡಿಗೆ ಕಳಿಸುವುದು. ಅವರು ಯಂತ್ರದ ಗ್ರಾಫ್ ಕೇಳಲಿಲ್ಲ. ಹೊಶಿನಾ ಅವರ ಹಾಳೆ ಸಾಕು ಎಂದರು.

ನಾಲ್ಕು ಸುತ್ತು ಚೆನ್ನಾಗಿಯೇ ಹೋಯಿತು. ಬಾಚಿ ಸಮ ಮಾಡಿದ ಇಳಿಜಾರಿಗೆ ಆರು, ವೇಗ ಹೆಚ್ಚಿದರೆ ಹಲಗೆಯ ಮೂತಿ ಪಟಪಟ ಬಡಿಯುತ್ತದೆ. ಮರಗಳ ನಡುವೆ ಎಂಟು, ಅಂದುಕೊಂಡ ಕಡೆ ತಿರುಗುತ್ತದೆ. ಹೊಸ ಹಿಮದಲ್ಲಿ ಐದು, ಮೂತಿ ಹೂತುಹೋಗುತ್ತದೆ, ಹಿಂಗಾಲು ಸೋಲುತ್ತದೆ. ಹಿಮ್ಮುಖ ಸವಾರಿಗೆ ಒಂಬತ್ತು. ಗ್ರಾಫ್ ಎಲ್ಲಕ್ಕೂ ಹೂಂ ಎಂದಿತು.

ಕೊನೆಯದು ಉತ್ತರದ ಬದಿ. ರಾತ್ರಿಯೆಲ್ಲ ಹೆಪ್ಪುಗಟ್ಟಿ ಬೆಳಿಗ್ಗೆ ಗಾಜಿನಂತೆ ಗಟ್ಟಿಯಾಗುವ ಹಿಮ. ಅವರು ಇಳಿಯುವಾಗ ಗುಡಿಸಲೊಳಗೆ ಕೂತ ವಿಶಾಲಾಕ್ಷಿಗೇ ಆ ಸದ್ದು ಕೇಳಿಸಿತು, ತಗಡಿನ ಮೇಲೆ ಕಲ್ಲು ಸುರಿದ ಹಾಗೆ. ಹೊಶಿನಾ ಸಾನ್ ಬಂದು ಪೆನ್ಸಿಲ್ ಎತ್ತಿಕೊಂಡು 'ಎಂಟು' ಎಂದು ಬರೆದರು. ಪಕ್ಕದಲ್ಲಿ, 'ನಿಶ್ಶಬ್ದ.'

ಪರದೆಯ ಮೇಲೆ ಗೆರೆ ಗರಗಸದ ಹಲ್ಲಿನ ಹಾಗೆ ಎದ್ದು ನಿಂತಿತ್ತು. ಅವಳು ಪರದೆ ತಿರುಗಿಸಲಿಲ್ಲ. ಸೆನ್ಸರ್ ಸಡಿಲವಾಗಿರಬೇಕು ಎಂದುಕೊಂಡಳು. ಅವರ ಕಾಲನ್ನು ಅನುಮಾನಿಸುವುದು ಅವಳಿಗೆ ಹೊಳೆಯಲೇ ಇಲ್ಲ. "ಸುಮಿಮಾಸೆನ್, ಕ್ಷಮಿಸಿ, ಇನ್ನೊಂದು ಸಲ," ಎಂದು ಹೊಸ ಸೆನ್ಸರ್ ಅಂಟಿಸಿ ಕಳಿಸಿ, ಕಾಶಿವಾದಲ್ಲಿದ್ದ ಶ್ರೀಹರಿಗೆ ಫೋನ್ ಮಾಡಿದಳು. ಅವನು ಅವಳ ಲ್ಯಾಬಿನ ಕಿರಿಯ.

"ವಿಶಾಲಕ್ಕ, ಏಳು ವರ್ಷ ಜಪಾನಲ್ಲಿದ್ದು ಒಂದ್ಸಲನೂ ಸ್ನೋಬೋರ್ಡ್ ಹತ್ತಿಲ್ಲ ಅಂದ್ರೆ ಮೈಸೂರಲ್ಲಿ ಯಾರೂ ನಂಬಲ್ಲ."

"ನೀನು ಕೊಂಬಿನಿ ಅಂಗಡಿಯ ಪೊಟ್ಟಣದ ಅನ್ನ ತಿಂದೇ ಬದುಕಿದೀಯ ಅಂದ್ರೆ ನಿಮ್ಮಮ್ಮನೂ ನಂಬಲ್ಲ. ಡೇಟಾ ನೋಡೋ."

ಎರಡನೆಯ ಸಲದ ಗೆರೆಯೂ ಬಂತು. ಅದೇ ಗರಗಸ.

"ಅಕ್ಕ, ಸೆನ್ಸರ್ ಪರ್ಫೆಕ್ಟ್ ಆಗಿದೆ. ಹೊಶಿನಾ ಸಾನ್ ಎಷ್ಟು ಹಾಕಿದಾರೆ?"

ಅವಳು ಹಾಳೆ ನೋಡಿದಳು. ಮತ್ತೆ ಎಂಟು.

"ಆಮೇಲೆ ಮಾಡ್ತೀನಿ," ಎಂದು ಫೋನ್ ಇಟ್ಟಳು.

ಹೊಶಿನಾ ಸಾನ್ ಬೂಟು ಬಿಚ್ಚಿ, ಸೀಮೆಎಣ್ಣೆ ಹೀಟರ್ ಮುಂದೆ ಕಾಲು ಚಾಚಿ, ಡಬ್ಬಿ ಕಾಫಿ ಕುಡಿಯುತ್ತ ಕಿಟಕಿಯಾಚೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಮಾಸ್ಕ್ ದಾಟಿ ಅವಳ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಮೊದಲು ಚಾರ್ಜರಿನ ವೈರ್ ಮುಟ್ಟಿ ನೋಡಿದಳು. ಆಮೇಲೆ ಕಂಡಿತು: ಅವರ ಎಡಗಾಲ ಬೆರಳು ಹೀಟರಿನ ಸರಳಿಗೆ ತಾಗಿತ್ತು. ಕಾಲುಚೀಲ ಕಂದಾಗಿ ಕರಗಿ ಹೊಗೆಯಾಡುತ್ತಿತ್ತು. ಅವರು ಇನ್ನೊಂದು ಗುಟುಕು ಕಾಫಿ ಕುಡಿದರು.

"ಹೊಶಿನಾ ಸಾನ್, ಕಾಲು!"

ಅವಳೇ ಓಡಿಹೋಗಿ ಎಳೆದಳು. ಅವರು ಮೊದಲು ತಮ್ಮ ಕಾಲ ಮೇಲಿದ್ದ ಅವಳ ಕೈ ನೋಡಿದರು, ಆಮೇಲೆ ಕಾಲು ನೋಡಿದರು. "ಸುಮಿಮಾಸೆನ್," ಎಂದರು, ಅವಳ ಮೇಲೆ ಚಹಾ ಚೆಲ್ಲಿದವರ ಹಾಗೆ.

ಬಕೆಟ್ಟಿನಲ್ಲಿ ನೀರು ತಂದಳು. ಅವರು ಕಾಲಿಟ್ಟರು.

"ತಣ್ಣಗಿದೆಯಾ?"

"ಇರಬೇಕು," ಎಂದರು.

ಬೆರಳ ತುದಿಯಲ್ಲಿ ಬೊಬ್ಬೆ ಏಳುವುದನ್ನು ಇಬ್ಬರೂ ನೋಡುತ್ತ ಕೂತರು.

"ಯಾವಾಗಿಂದ?"

"ಆಗಸ್ಟಿಂದ. ವಾಸನೆನೂ ಹೋಯ್ತು, ಅಂಗಾಲೂ ಹೋಯ್ತು. ವಾಪಸ್ ಬರಬಹುದು, ಬರದೇನೂ ಇರಬಹುದು ಅಂದ್ರು ಡಾಕ್ಟರ್."

"ಬೇರೆ ನಾಲ್ಕೂ ಸರಿಯಾಗಿ ಬರೆದಿರಲ್ಲ?"

"ಹೊಸ ಹಿಮ ತೊಡೆಗೆ ಗೊತ್ತಾಗುತ್ತೆ. ಮರಗಳ ಸಂದಿ ಕಣ್ಣಿಗೆ ಗೊತ್ತಾಗುತ್ತೆ. ಮೊಣಕಾಲಿದೆ, ಸೊಂಟ ಇದೆ. ಗಟ್ಟಿ ಹಿಮದ ನಡುಕ ಮಾತ್ರ ಅಂಗಾಲೇ ಹೇಳ್ಬೇಕು." ನೀರಿನಲ್ಲಿದ್ದ ಕಾಲನ್ನು ನೋಡಿದರು. "ಸದ್ದು ಕೇಳಿಸ್ತು. ಕಾಲಿಗೆ ಏನೂ ಬರಲಿಲ್ಲ. ಕಿವಿಗಿಂತ ಕಾಲನ್ನ ನಂಬೋದು ಇಪ್ಪತ್ತೆರಡು ವರ್ಷದ ಅಭ್ಯಾಸ."

ಅವಳು ಪರದೆಯನ್ನು ಅವರತ್ತ ತಿರುಗಿಸಿದಳು. ಎಂಟನ್ನು ನಂಬಿ ಯಾರೋ ಕೊಳ್ಳುತ್ತಾರೆ. ಉತ್ತರದ ಬದಿಯಲ್ಲಿ ಹಲಗೆಯ ಅಂಚು ಹಿಮವನ್ನು ಹಿಡಿಯದೆ ನೇರ ಮರಕ್ಕೆ ಹೋಗುತ್ತಾರೆ. ಅಷ್ಟು ಇಬ್ಬರಿಗೂ ಗೊತ್ತಿತ್ತು.

"ಮೂರು ಅಂತ ಬರೆದುಬಿಡಿ," ಎಂದಳು. "ಹಲಗೆ ವಿಷಯದಲ್ಲಿ ಅದು ನಿಜಾನೇ. ಕಾಲಿನ ವಿಷಯ ನಾನು ಯಾರಿಗೂ ಹೇಳಲ್ಲ."

"ಮುಂದಿನ ಹಲಗೆಗೆ?"

"ಅದಕ್ಕೂ ನಾನೇ ಬರ್ತೀನಿ. ಮೊದಲು ಗ್ರಾಫ್ ತೋರಿಸ್ತೀನಿ."

ಅವರು ನಕ್ಕರು, ಮಾಸ್ಕ್ ಇಲ್ಲದ ಅವರ ನಗುವನ್ನು ಆ ಚಳಿಗಾಲದಲ್ಲಿ ಅವಳು ನೋಡಿದ್ದು ಅದೇ ಮೊದಲು. "ಹಾಗಾದ್ರೆ ಹಲಗೆಗೆ ಒಂದು ಮರಳಿನ ಮೂಟೆ ಕಟ್ಟಿ ಮೇಲಿಂದ ಬಿಡಿ, ವಿಶಾಲಾ ಸಾನ್. ನನ್ನಷ್ಟೇ ತೂಗುತ್ತೆ. ಕಾಫಿನೂ ಕೇಳಲ್ಲ."

"ಬೇರೆ ಕೆಲಸ ಏನು ಮಾಡ್ತೀರಿ?"

ಹೊಶಿನಾ ಸಾನ್ ಪೆನ್ಸಿಲ್ ಎತ್ತಿಕೊಂಡರು. ಹಾಳೆ ಎಳೆದುಕೊಂಡು ಎರಡು ಎಂಟರ ಮೇಲೂ ಒಂದೊಂದು ಗೆರೆ ಹೊಡೆದರು. ರಬ್ಬರ್ ಮುಟ್ಟಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದರು: 'ಪರೀಕ್ಷಕನ ಪಾದಕ್ಕೆ ಸ್ಪರ್ಶವಿಲ್ಲ. ಯಂತ್ರವನ್ನು ನಂಬಿ.' ಜೇಬಿನಿಂದ ಹೆಸರಿನ ಪುಟ್ಟ ಮೊಹರು ತೆಗೆದು ಕೆಂಪು ಶಾಯಿಯಲ್ಲಿ ಒತ್ತಿದರು. ಒಂದೇ ಕಾಲಿಗೆ ಬೂಟು ಹಾಕಿ, ಇನ್ನೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಕಾಮಿಜೋ ಸಾನ್ ಕಚೇರಿಗೆ ಹಾಳೆಯನ್ನು ತಾವೇ ಒಯ್ದರು. ಅವಳು ತೋಳು ಹಿಡಿಯಲು ಹೋದಾಗ ಬೇಡವೆಂದು ತಲೆಯಾಡಿಸಿದರು.

ಕಾಮಿಜೋ ಸಾನ್ ಎದ್ದು ನಿಂತು, ಸೊಂಟದವರೆಗೆ ಬಾಗಿ ವಂದಿಸಿದರು. ವಸಂತ ಬರುವಷ್ಟರಲ್ಲಿ ಇಪ್ಪತ್ತಾರು ವರ್ಷದ ಹೊಸ ಪರೀಕ್ಷಕ ಬಂದಿದ್ದ. ಮುನ್ನೂರು ಹಲಗೆ ಶೆಡ್ಡಿನಲ್ಲೇ ಉಳಿದವು.

ಮರುವರ್ಷದ ಚಳಿಗಾಲದಲ್ಲಿ ವಿಶಾಲಾಕ್ಷಿ ಮತ್ತೆ ಹೋದಳು. ಪಾರ್ಕ್ ಆಗಲೂ ಇರಲಿಲ್ಲ. ಲಿಫ್ಟಿನ ಬುಡದಲ್ಲಿ ಕಿತ್ತಳೆ ಜಾಕೆಟ್ ತೊಟ್ಟವರೊಬ್ಬರು ಸುತ್ತಿ ಬರುವ ಪ್ರತಿ ಕುರ್ಚಿಯ ಹಿಮವನ್ನೂ ಪೊರಕೆಯಿಂದ ಗುಡಿಸುತ್ತಿದ್ದರು. ಮಾಸ್ಕ್ ಇದ್ದರೂ ನಿಂತ ಭಂಗಿಯಲ್ಲೇ ಗುರುತು ಸಿಕ್ಕಿತು. ಬೂಟಿನ ಬಾಯಲ್ಲಿ ದಪ್ಪ ಉಣ್ಣೆಯ ಕಾಲುಚೀಲ ಇಣುಕುತ್ತಿತ್ತು.

"ದಪ್ಪದ್ದು ಹಾಕಿದೀರಿ," ಎಂದಳು.

"ಎರಡು ಜೊತೆ. ಬೆಚ್ಚಗಿದೆಯೋ ಇಲ್ಲವೋ ಗೊತ್ತಿಲ್ಲ. ಗಾಯ ಆಗಲ್ಲ."

"ಕಾಲು ಹೇಗಿದೆ?"

ಅವರು ಪೊರಕೆಯ ಹಿಡಿಯಿಂದ ತಮ್ಮ ಕಣಕಾಲಿನ ಮೇಲೊಂದು ಅಡ್ಡಗೆರೆ ಎಳೆದು ತೋರಿಸಿದರು. "ಸ್ಪರ್ಶ ಇಲ್ಲಿವರೆಗೆ ವಾಪಸ್ ಬಂದಿದೆ."

ಮೇಲೆ ಹೋಗಲು ಅವಳು ನಿಂತಿದ್ದ ಜಾಗಕ್ಕೆ ಹಿಂದಿನಿಂದ ಕುರ್ಚಿ ಬಂತು. ಅವರು ಅದರ ಹಿಮ ಗುಡಿಸಿ, ಅವಳ ಮಂಡಿಗೆ ಬಡಿಯದಂತೆ ಕೈಯಿಂದ ಹಿಡಿದು ನಿಧಾನಿಸಿದರು.

"ಕೂತ್ಕೊಳ್ಳಿ," ಎಂದರು. "ಕಾಲು ಜೋಪಾನ."