ಎರಡು ಅಲಗಿನ ಚಾಕು

ಮಡಚುವ ಚಾಕುಗಳ ಆ ಕಾರ್ಖಾನೆಗೆ ಅಣ್ಣ ಯಜಮಾನ, ತಮ್ಮ ಜೋಡಣೆಗಾರ. ಕಾರ್ಖಾನೆ ಅಂದರೆ ಮನೆಯ ಕೆಳಗಿನ ಉದ್ದನೆಯ ಕೋಣೆ. ಮೆಟ್ಟಿಲು ಇಳಿದರೆ ಕೆಲಸ, ಹತ್ತಿದರೆ ಊಟ. ಇಪ್ಪತ್ತಾರು ವರ್ಷದಿಂದ ತಮ್ಮ ಒಂದೇ ಬಗೆಯ ಚಾಕು ಜೋಡಿಸುತ್ತಿದ್ದ: ಚೂಪು ತುದಿಯ ದೊಡ್ಡ ಅಲಗು, ಅದರ ಮರಿಯಂಥ ಚಿಕ್ಕದು, ತುದಿ ಮೊಂಡಾದ ಮೂರನೆಯದು. ಮಡಚಿದಾಗ ಮೂರೂ ಒಂದಕ್ಕೊಂದು ಉಜ್ಜದಂತೆ ಕೂದಲೆಳೆಯಷ್ಟು ಬಾಗಿಸಬೇಕು. ಆ ಕೈಚಳಕ ಅವನೊಬ್ಬನಿಗೇ ಗೊತ್ತಿದ್ದದ್ದು ಅವನ ಗ್ರಹಚಾರ.

ಬೇರೆ ಅಲಗು ಹಾಕಿ ನೋಡೋಣ ಎಂದಾಗಲೆಲ್ಲ ಅಣ್ಣ, “ಅಪ್ಪ ಆರಿಸಿಟ್ಟಿದ್ದು ಕಣೋ. ಅವರಿಗಿಂತ ನೀನು ಬುದ್ಧಿವಂತನಾ?” ಎಂದು ಬಾಯಿ ಮುಚ್ಚಿಸುತ್ತಿದ್ದ.

ಅಣ್ಣ ಊರಲ್ಲಿಲ್ಲದ ಒಂದು ಬೆಳಿಗ್ಗೆ, ಪುಸ್ತಕಕ್ಕೆ ರಟ್ಟು ಕಟ್ಟುವ ಹೆಂಗಸೊಬ್ಬಳು ನೇರವಾಗಿ ತಮ್ಮನ ಮೇಜಿಗೇ ಬಂದಳು.

“ನಿಮ್ಮ ಚಾಕುವಿನ ಮೂರು ಅಲಗಲ್ಲಿ ಎರಡು ನನಗೆ ದಂಡ. ಚೂಪು ತುದಿ ತಾಗಿದ್ರೆ ಹಾಳೆ ಹರಿದೇಹೋಗುತ್ತೆ. ಏನಾದ್ರೂ ದಾರಿ ಇದೆಯಾ?”

ತಮ್ಮ ಅವಳಿಗೆ ಹಾಳೆ, ರಟ್ಟಿಗೆ ಅಂಟಿಸುವ ತೊಗಲು ಎರಡನ್ನೂ ಕತ್ತರಿಸಲು ಹೇಳಿ, ಅವಳ ಮಣಿಕಟ್ಟನ್ನೇ ನೋಡುತ್ತ ಕೂತ. ಆಮೇಲೆ ನಾಲ್ಕು ದಿನ ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡಿದ. ಹಾಳೆಗೆ ಮೊಂಡು ತುದಿಯ ನೇರ ಅಲಗು. ತೊಗಲು ತೆಳುವಾಗಿಸಲು ಗಿಡ್ಡ, ಅಗಲದ, ಓರೆ ಬಾಯಿಯದು. ಹಿಡಿಯ ಒಂದೊಂದು ತುದಿಗೆ ಒಂದೊಂದು. ಮೂರನೆಯದನ್ನು ಕೈಬಿಟ್ಟಿದ್ದರಿಂದ ಹಿಡಿಯೂ ಸಪೂರವಾಯಿತು.

“ಅಯ್ಯೋ, ನನ್ನ ಕೈ ಅಳತೆ ತಗೊಂಡ ಹಾಗಿದೆಯಲ್ಲ!” ಎಂದಳು ಅವಳು. ಅವತ್ತು ಅವನು ಶಿಳ್ಳೆ ಹಾಕುತ್ತ ಊಟಕ್ಕೆ ಹೋದ.

ವಿಷಯ ತಿಳಿದ ಅಣ್ಣ ಎರಡು ದಿನ ಹಾರಾಡಿದ. ಆದರೆ ರಟ್ಟು ಕಟ್ಟುವವರು, ಚೀಲ ಹೊಲಿಯುವವರು ಒಬ್ಬರ ಹಿಂದೊಬ್ಬರು ಅದನ್ನೇ ಕೇಳಿಕೊಂಡು ಬಂದಾಗ ತಣ್ಣಗಾದ.

“ಇನ್ಮೇಲೆ ಇದೊಂದೇ. ಹಳೇದು ನಿಲ್ಲಿಸಿಬಿಡು.”

“ಅಣ್ಣ, ಗಿಡಕ್ಕೆ ಕಸಿ ಕಟ್ಟೋರಿಗೂ ಒಂದು ಯೋಚನೆ ಮಾಡಿದೀನಿ—”

“ಒಂದು ಕೈ ಹಿಡಿದಿದೆಯಲ್ಲ, ಸಾಕು. ಸುಮ್ನೆ ಮಾಡು.”

ಆರು ತಿಂಗಳಾಯಿತು. ತಟ್ಟೆಯ ಮುಂದೆ ಅನ್ನ ಕೆದಕುತ್ತ ಕೂತ ತಮ್ಮನನ್ನು ಹೆಂಡತಿ ಕೇಳಿದಳು: “ನೀವೇ ಆಸೆಪಟ್ಟು ಮಾಡಿದ್ದಲ್ವಾ? ಮತ್ಯಾಕೆ ಈ ಮುಖ?”

“ಒಂದು ಮಾಡೋಕೆ ಆಸೆಪಟ್ಟಿದ್ದೆ ಕಣೇ. ಸಾವಿರ ಅಲ್ಲ.”

“ಹಾಗಾದ್ರೆ ಬಿಟ್ಟು ಬನ್ನಿ. ಬೇರೆ ಕಡೆ ಕೆಲಸ ಸಿಗಲ್ವಾ?”

“ಅಣ್ಣನ ಕೈ ನಡುಗುತ್ತೆ. ಒಂದು ಸ್ಪ್ರಿಂಗೂ ಕೂರಿಸೋಕಾಗಲ್ಲ. ನಾನು ಎದ್ದು ಬಂದ್ರೆ ಅತ್ತಿಗೆ, ಮಕ್ಕಳ ಗತಿ?”

ಕೆಳಗಿನಿಂದ ಅಣ್ಣ ಕೂಗಿದ. ತಮ್ಮ ಅರ್ಧ ಊಟದಲ್ಲೇ ಕೈ ತೊಳೆದುಕೊಂಡು, “ಬಂದೆ,” ಎಂದ.