ಬೆನ್ನಿಗೆ ಆಡಿದ ಮಾತು

ನಮ್ಮ ಬೀದಿಯಲ್ಲಿ ನಮ್ಮದು ಗಟ್ಟಿ ಸಂಸಾರವೆಂದು ಹೆಸರು. ಮಾದನಾಯಕನಹಳ್ಳಿಯ ಈ ಮನೆಗೆ ಬಂದು ಹನ್ನೆರಡು ವರ್ಷವಾಯಿತು, ನಮ್ಮ ಮನೆಯಿಂದ ಜಗಳದ ದನಿ ಕೇಳಿದವರಿಲ್ಲ. ಹೊಸದಾಗಿ ಮದುವೆಯಾದವರನ್ನು ಕರೆತಂದು ನಮ್ಮಿಬ್ಬರ ಕಾಲಿಗೆ ಬೀಳಿಸುತ್ತಾರೆ. ಅಕ್ಷತೆ ಹಾಕುವಾಗ ನನಗೆ ಒಳಗೊಳಗೇ ನಗು. ಜಗಳವಾಡಲು ಎರಡು ಜೊತೆ ಕಿವಿ ಬೇಕು, ನಮ್ಮ ಮನೆಯಲ್ಲಿದ್ದದ್ದು ಒಂದೇ ಜೊತೆ.

ನನ್ನ ಗಂಡ ಪೀಣ್ಯದ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಇಪ್ಪತ್ತೊಂಬತ್ತು ವರ್ಷ ತಗಡು ಒತ್ತಿದರು. ಎಂಟು ಗಂಟೆ ಬಿಡದೆ ಬಡಿಯುವ ಸದ್ದು. ಕಿವಿಗೆ ಹತ್ತಿ ತುರುಕಿಕೊಂಡು ಹೋಗುತ್ತಿದ್ದರು, ಅದೂ ನೆನಪಾದರೆ. ಕಿವಿ ಯಾವಾಗ ಹೋಯಿತೆಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಬೇಕಂತಲೇ ಮಾಡುತ್ತಾರೆ ಎಂದುಕೊಂಡೆ. ಹಾಗೆ ಅಂದುಕೊಂಡೇ ಎಷ್ಟೋ ವರ್ಷ ಕಳೆದೆ. ಅವರ ಸುಮ್ಮನಿರುವಿಕೆಯಲ್ಲಿ ಕಿವಿಯದೆಷ್ಟು, ಮನಸ್ಸಿನದೆಷ್ಟು ಎಂದು ಇವತ್ತಿಗೂ ನನಗೆ ಬಿಡಿಸಿ ಹೇಳಲಾಗುವುದಿಲ್ಲ.

ಕಿವಿ ಹೋಗಿದೆ ಎಂದು ಖಾತ್ರಿಯಾದ ಮೇಲೆ ನನಗೊಂದು ಚಟ ಅಂಟಿಕೊಂಡಿತು. ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಾ, ನಡುಮನೆಯಲ್ಲಿ ಕೂತ ಅವರ ಬೆನ್ನಿಗೆ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಬಿಡುವುದು. ಎದುರಿಗೆ ‘ನೀವು’, ಬೆನ್ನಿಗೆ ‘ನೀನು’. ಸಾರಿಗೆ ಉಪ್ಪು ಕಮ್ಮಿ ಅಂದದ್ದರಿಂದ ಹಿಡಿದು ಅತ್ತೆಯ ಕಾಲದ ಅವಮಾನದವರೆಗೆ ಯಾವುದನ್ನೂ ಬಿಡುತ್ತಿರಲಿಲ್ಲ. ಪಾತ್ರೆ ಮುಗಿಯುವಷ್ಟರಲ್ಲಿ ಸಿಟ್ಟೂ ಮುಗಿದಿರುತ್ತಿತ್ತು. ಕೈ ಒರೆಸಿಕೊಂಡು ಹೋಗಿ ಕಾಫಿ ಕೊಡುತ್ತಿದ್ದೆ. ನಮ್ಮ ಸಂಸಾರದ ಗಟ್ಟಿತನ ಅಂದರೆ ಇಷ್ಟೇ.

ಹೋದ ವರ್ಷ ಅವರು ನಿವೃತ್ತರಾದರು. ಎರಡು ತಿಂಗಳ ಹಿಂದೆ ಮಗಳು ಕಿವಿಗೆ ಮಷೀನು ಮಾಡಿಸಿಕೊಟ್ಟಳು, ಹುಣಿಸೆ ಬೀಜದಷ್ಟು ದೊಡ್ಡದು. ಪ್ರೆಸ್ಸಿಗೆ ಸಿಕ್ಕು ಅವರ ಬಲಗೈಯ ಎರಡು ಬೆರಳಿನ ತುದಿ ಹೋಗಿದೆ. ಹಾಗಾಗಿ ಮಷೀನನ್ನು ತೆಗೆಯಲು ಬರುತ್ತದೆ, ಕೂರಿಸಲು ಬರುವುದಿಲ್ಲ. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ನಾನೇ ಕೂರಿಸಬೇಕು. ಮೊದಲ ವಾರ ಅವರ ಖುಷಿ ನೋಡಬೇಕಿತ್ತು. ಫ್ಯಾನು ಇಷ್ಟು ಕಿರುಗುಟ್ಟುತ್ತದೆಯೇ ಎಂದು ಕೇಳಿದರು. ಒಗ್ಗರಣೆ ಸಿಡಿಯುವುದನ್ನು ಕೇಳಲೆಂದೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ನನಗೂ ಸಂತೋಷವಾಯಿತು, ಸುಳ್ಳು ಹೇಳಲಾರೆ.

ನನ್ನ ಚಟ ಮಾತ್ರ ಹೋಗಿರಲಿಲ್ಲ. ಎರಡನೇ ವಾರ ಒಂದು ಬೆಳಿಗ್ಗೆ ಹಾಲು ನೋಡಿಕೊಳ್ಳಿ ಎಂದು ಹೇಳಿ ಬಟ್ಟೆ ಒಣಹಾಕಲು ಹೋಗಿದ್ದೆ. ಬಂದು ನೋಡಿದರೆ ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು, ಅವರು ನಡುಮನೆಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಪಾತ್ರೆ ತಿಕ್ಕುತ್ತಾ ಮಾಮೂಲಿನಂತೆ ಶುರುಮಾಡಿದೆ. “ನಿನ್ನ ಕಟ್ಕೊಂಡು ನಾನೇನ್ ಕಂಡೆ. ಅವತ್ತೇ ತವರಿಗೆ ಹೋಗ್ಬಿಡ್ಬೇಕಿತ್ತು. ಬಸ್‌ಸ್ಟಾಪಿಂದ ವಾಪಸ್ ಬರ್ಬಾರ್ದಿತ್ತು.”

ನಡುಮನೆಯಿಂದ ಒಂದೇ ಮಾತು ಬಂತು. “ಯಾವತ್ತು?”

ಕೈಯಲ್ಲಿದ್ದ ಪಾತ್ರೆ ಸಿಂಕಿಗೆ ಬಿತ್ತು. ಟೀವಿಯಲ್ಲಿ ಬಂದ ಮಾತು ಎಂದು ಸುಳ್ಳು ಹೇಳಿದೆ. ಟೀವಿ ಆಫ್ ಆಗಿತ್ತು.

ಅಂದಿನಿಂದ ನಾನು ಅಡುಗೆಮನೆಗೆ ಹೋದ ಕೂಡಲೇ ಅವರು ಮಷೀನು ತೆಗೆದು ಡಬ್ಬಿಗೆ ಹಾಕತೊಡಗಿದರು. ನನಗೆ ಮಾತಾಡಲು ಜಾಗ ಬಿಡುತ್ತಿದ್ದಾರೋ, ಕೇಳಲು ಹೆದರುತ್ತಿದ್ದಾರೋ ತಿಳಿಯಲಿಲ್ಲ. ಯಾವುದಾದರೇನು, ನನ್ನ ಬಾಯಿ ಕಟ್ಟಿಹೋಯಿತು. ಕಿವಿ ಕೇಳಿಸದವರ ಬೆನ್ನಿಗೆ ಬೈಯಬಹುದು, ಬೇಕೆಂದೇ ಕೇಳಿಸಿಕೊಳ್ಳದವರಿಗೆ ಏನು ಬೈಯುವುದು? ಸಿಟ್ಟು ಪಾತ್ರೆಯ ಜೊತೆ ತೊಳೆದುಹೋಗದೆ ಹಾಗೇ ಉಳಿಯತೊಡಗಿತು. ಮನೆಯಲ್ಲಿ ಮಾತೆಂದರೆ ಊಟ, ಮಾತ್ರೆ, ನೀರಿನ ಮೋಟರು. ಒಂದೂವರೆ ತಿಂಗಳು ಹೀಗೇ ಹೋಯಿತು. ಈ ವಯಸ್ಸಿನಲ್ಲಿ ಸಂಸಾರ ಮುರಿದರೆ ಯಾರೂ ಎಲ್ಲಿಗೂ ಹೋಗುವುದಿಲ್ಲ, ಇಬ್ಬರೂ ಹೀಗೆ ಕೂತಿರುತ್ತಾರೆ ಎಂದು ಹೊಳೆದು ನನಗೆ ನಿಜಕ್ಕೂ ಭಯವಾಯಿತು.

‘ಅವತ್ತು’ ಏನಾಗಿತ್ತೆಂದು ಹೇಳಿಬಿಡುತ್ತೇನೆ. ಆಗ ಪೀಣ್ಯದ ಹತ್ತಿರ ಒಂದು ವಠಾರದಲ್ಲಿದ್ದೆವು. ಮಗಳಿಗೆ ಮೂರು ವರ್ಷ. ಜ್ವರ ಏರಿ ಫಿಟ್ಸ್ ಬಂದು, ಆಸ್ಪತ್ರೆಯಲ್ಲಿ ಎರಡು ದಿನ ನಾನೊಬ್ಬಳೇ ಕೂತಿದ್ದೆ. ಮನೆಗೆ ಕರೆತಂದ ದಿನ ಇವರು ಓವರ್‌ಟೈಮ್ ಮುಗಿಸಿ ಬಂದು, ಮಗು ಹೇಗಿದೆ ಎಂದು ಕೇಳಿದರು. ನಾನು ಉತ್ತರ ಹೇಳುವಷ್ಟರಲ್ಲಿ ಗೋಡೆ ಕಡೆ ಮಗ್ಗುಲಾಗಿ ನಿದ್ದೆ ಹೋಗಿದ್ದರು. ಆ ನಿದ್ದೆಯನ್ನು ನಾನು ಕ್ಷಮಿಸಲಿಲ್ಲ. ಮುಂದಿನ ವಾರ ಅವರು ಬೆಳಗಿನ ಶಿಫ್ಟಿಗೆ ಹೋದ ಮೇಲೆ, ಬ್ಯಾಗಿಗೆ ನಾಲ್ಕು ಸೀರೆ ತುಂಬಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಬೀಗ ಹಾಕಿ ಎಂಟನೇ ಮೈಲಿಯ ಬಸ್‌ಸ್ಟಾಪಿಗೆ ನಡೆದೆ. ತವರಿನ ಕಡೆಯ ಬಸ್ಸು ಎರಡು ಬಂದು ಹೋದವು. ಮೂರನೆಯದಕ್ಕೂ ಹತ್ತದೆ ಮನೆಗೆ ಬಂದೆ. ಮಧ್ಯಾಹ್ನ ಅವರು ಬರುವ ಹೊತ್ತಿಗೆ ಅನ್ನ ಆಗಿತ್ತು. ಅವರಿಗೆ ಇದ್ಯಾವುದೂ ಗೊತ್ತಾಗಲಿಲ್ಲ. ಅವರ ಬೆನ್ನಿಗೆ ಮಾತ್ರ ಎಷ್ಟೋ ಸಲ ಹೇಳಿದ್ದೆ.

ಹೋದ ಭಾನುವಾರ ತಡೆಯಲಾಗಲಿಲ್ಲ. ಪಾತ್ರೆಗಳನ್ನು ಹಾಗೇ ಬಿಟ್ಟು, ಮಷೀನಿನ ಡಬ್ಬಿ ತೆಗೆದುಕೊಂಡು ಹೋಗಿ ಅವರೆದುರು ಕೂತೆ.

“ಹಾಕ್ಲೇಬೇಕಾ?” ಅಂದರು.

ಹೌದೆಂದು ತಲೆಯಾಡಿಸಿದೆ. ಅವರು ತಲೆ ಬಗ್ಗಿಸಿ ಕಿವಿ ಕೊಟ್ಟರು. ಮಷೀನು ಕೂರಿಸಿದೆ.

ಎಲ್ಲ ಹೇಳಿದೆ, ಆ ನಿದ್ದೆಯನ್ನೂ ಬಿಡದೆ. ‘ನೀವು’ ಎಂದೇ ಹೇಳಿದೆ. ಅವರು ತಮ್ಮ ಮೊಂಡು ಬೆರಳುಗಳನ್ನು ನೋಡುತ್ತಾ ಕೂತಿದ್ದರು. ಆಮೇಲೆ ಕೇಳಿದರು, “ಮತ್ತೆ ವಾಪಸ್ ಯಾಕ್ ಬಂದೆ?”

ಮಗುವಿಗಾಗಿ ಅನ್ನಬಹುದಿತ್ತು. ನಿಮಗಾಗಿ ಅಂದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಇದ್ದದ್ದನ್ನೇ ಹೇಳಿದೆ. “ಬೀಗದ ಕೈ ಒಂದೇ ಇತ್ತಲ್ರೀ. ಅದು ನನ್ ಹತ್ರಾನೇ ಇತ್ತು. ನೀವು ಸುಸ್ತಾಗಿ ಬಂದು ಬಿಸಿಲಲ್ಲಿ ಆಚೆ ನಿಂತ್ಕೋಬೇಕಾಗ್ತಿತ್ತು.”

“ಪಕ್ಕದ್ಮನೇಲಿ ಕೊಟ್ಟು ಹೋಗ್ಬೋದಿತ್ತಲ್ಲೇ,” ಅಂದರು.

ಕೊಡಬಹುದಿತ್ತು. ವಠಾರದಲ್ಲಿ ಎಲ್ಲರೂ ಕೊಟ್ಟೇ ಹೋಗುತ್ತಿದ್ದರು. ಇಷ್ಟು ವರ್ಷದಲ್ಲಿ ಅದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.