ಅರಿಶಿನದ ನೀರು ಕುಡಿದ ಕಾರು

ನಮ್ಮ ಕಡೆ ಪಂಚಮಿ ಹಬ್ಬಕ್ಕೆ ಹೆಣ್ಣುಮಗಳನ್ನು ಬರೀ ಫೋನಿನಲ್ಲಿ ಕರೆದರೆ ಆಗುವುದಿಲ್ಲ. ತವರಿನಿಂದ ಒಬ್ಬರು ಹೋಗಿ ಅವಳ ಗಂಡನ ಮನೆಯ ಬಾಗಿಲಲ್ಲಿ ನಿಲ್ಲಬೇಕು, ಕೊಟ್ಟ ಚಹಾ ಕುಡಿಯಬೇಕು, ಅತ್ತೆಯ ಬಾಯಿಂದ ಹ್ಞೂಂ ಅನ್ನಿಸಬೇಕು, ಆಮೇಲೆ ಕರೆದುಕೊಂಡು ಬರಬೇಕು. ನನ್ನ ಅಕ್ಕನನ್ನು ಮುದ್ದೇಬಿಹಾಳದಿಂದ ನಮ್ಮೂರು ಇಂಡಿಗೆ ಹೀಗೆ ಕರೆತರುತ್ತಿದ್ದವನು ಅಪ್ಪ. ಪ್ರತಿ ಶ್ರಾವಣದಲ್ಲೂ, ತನ್ನ ಹಳೆಯ ಬಿಳಿ ಕಾರಿನಲ್ಲಿ, ಒಬ್ಬನೇ. ಅಪ್ಪ ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬ ಇರಲಿಲ್ಲ. ಮರುವರ್ಷ ನಾನೇ ಬರುತ್ತೇನೆಂದು ಹೇಳಲು ಅಕ್ಕನಿಗೆ ಫೋನ್ ಮಾಡಿದೆ.

"ಅಪ್ಪನ ಸಂಗಟ ತವರೂ ಹೋತು ಬಿಡೋ ತಮ್ಮ," ಎಂದಳು, ನಗುತ್ತಲೇ. "ನೀ ಯಾಕ ತ್ರಾಸ ತಗೋತಿ? ಮುಂದಿನ ವರ್ಷ ನೋಡೂಣು."

ಆ ನಗು ಕೇಳಿ ನನಗೆ ಸಂಕಟವಾಯಿತು. ಹಿಂದೆಯೇ ಸಿಟ್ಟೂ ಬಂತು. ನನಗೆ ಸಂಕಟವಾದರೂ ಸಿಟ್ಟೇ ಬರುತ್ತದೆ, ಹಸಿವಾದರೂ ಸಿಟ್ಟೇ ಬರುತ್ತದೆ. ಒಂದು ಹಬ್ಬ ತಪ್ಪಿತ್ತು, ಇನ್ನೊಂದು ತಪ್ಪಿದರೆ ಅಕ್ಕ ಇನ್ನು ಬರುವವಳಲ್ಲ ಎಂಬುದು ನನಗೆ ಖಾತ್ರಿಯಾಗಿತ್ತು. ಹಾಗೆ ಬರುವುದು ಬಿಟ್ಟ ಹೆಣ್ಣುಮಕ್ಕಳು ನಮ್ಮ ಓಣಿಯಲ್ಲೇ ಇದ್ದಾರೆ. ಈಗ ಮದುವೆಗೋ ಮಣ್ಣಿಗೋ ಬಂದು, ಸಂಜೆ ಬಸ್ಸಿಗೆ ಹೋಗಿಬಿಡುತ್ತಾರೆ.

"ಬಾಡಿಗಿ ಗಾಡಿ ತಗೊಂಡ ಹೋಗ್ರಿ," ಎಂದಳು ನನ್ನ ಹೆಂಡತಿ. "ಆ ಮುದುಕ ಕಾರು ಹಾದ್ಯಾಗ ಮಲಗತೈತಿ. ಆಮ್ಯಾಲೆ ಊರ ಮಂದಿ ಮ್ಯಾಲೆಲ್ಲಾ ಒದರ್ಕೋತ ಕೂಡ್ತೀರಿ."

ನಾನು ಕೇಳಲಿಲ್ಲ. ಆ ಕಾರಿನ ಹಾರ್ನ್ ಎಳಗರು ಕೂಗಿದಂತೆ ಒಡಕು ಒಡಕು. ಓಣಿಯ ತಿರುವಿನಲ್ಲಿ ಅದು ಕೇಳಿದೊಡನೆ ಕೈಯಲ್ಲಿದ್ದುದನ್ನು ಬಿಟ್ಟು ಓಡಿ ಬರುತ್ತೇನೆ ಎಂದು ಅಕ್ಕ ಒಮ್ಮೆ ಹೇಳಿದ್ದಳು. ನನಗೂ ಅವಳು ಹಾಗೆ ಓಡಿ ಬರಬೇಕಿತ್ತು. ಅಷ್ಟೇ ಆಸೆ, ಮುಚ್ಚಿಡುವುದೇನಿದೆ!

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ ಅಪ್ಪನಿಗೆ ಆ ಕಾರು. ಅದು ಸದಾ ನೀರು ಬೇಡುತ್ತಿತ್ತು. ಅಪ್ಪ ರೇಡಿಯೇಟರಿನ ಮುಚ್ಚಳ ತೆಗೆದು ನೀರು ಸುರಿಯುತ್ತಿದ್ದ, ಮೇಲೊಂದು ಹಿಡಿ ಅರಿಶಿನ ಪುಡಿ ಹಾಕುತ್ತಿದ್ದ. ಬಿರುಕು ಬಿಟ್ಟಲ್ಲಿ ಅರಿಶಿನ ಹೋಗಿ ಕೂತು ಸೋರುವುದು ನಿಲ್ಲುತ್ತದೆ ಎಂದು ನಮ್ಮ ಕಡೆಯ ಟ್ರ್ಯಾಕ್ಟರಿನವರೂ ಟೆಂಪೋದವರೂ ನಂಬುತ್ತಾರೆ. ಸ್ವಲ್ಪ ದಿನ ನಿಲ್ಲುವುದೂ ಹೌದು. ನಾನಂತೂ ಅದನ್ನು ಅಪ್ಪನ ಜಿಪುಣತನವೆಂದೇ ತಿಳಿದಿದ್ದೆ. ಅಪ್ಪ ಹೋದ ಮೇಲೆ ಕಾರು ನಿಂಬೆ ತೋಟದ ಶೆಡ್ಡಿನಲ್ಲಿ ನಿಂತಿತ್ತು. ಹೊರಡುವುದಕ್ಕೆ ಒಂದು ವಾರ ಮೊದಲು ಹೊಸ ಬ್ಯಾಟರಿ ಹಾಕಿಸಿದೆ. ಅಂಗಡಿಯಿಂದ ಎಂಜಿನ್ ತಂಪಾಗಿಡುವ ಹಸಿರು ಬಣ್ಣದ ಕೂಲಂಟ್ ತಂದು ಇದ್ದ ನೀರಿನ ಮೇಲೆಯೇ ಸುರಿದೆ. ಅರಿಶಿನದ ಕಾಲ ಮುಗಿಯಿತು ಎಂದುಕೊಂಡು ಮೀಸೆ ತಿರುವಿದೆ.

ಹೊರಟದ್ದು ಗುರುವಾರ ಬೆಳಿಗ್ಗೆ. ಅವತ್ತೇ ಕರೆತರಬೇಕಿತ್ತು. ಶುಕ್ರವಾರ ಸೊಸೆಯನ್ನು ಮನೆಯಿಂದ ಕಳಿಸುವುದಿಲ್ಲ, ಶನಿವಾರ ಹಬ್ಬವೇ. ಅವತ್ತಾದರೂ ದೀಪ ಹಚ್ಚುವುದರೊಳಗೆ ಅವಳು ಹೊಸ್ತಿಲು ದಾಟಬೇಕು. ಆಮೇಲೆ ಅಕ್ಕನ ಅತ್ತೆ ಬ್ರಹ್ಮ ಬಂದು ಕೇಳಿದರೂ ಕಳಿಸುವವರಲ್ಲ. ಕರೆಯಲು ಹೋಗುವವನು ಬರಿಗೈಯಲ್ಲಿ ಹೋಗಬಾರದೆಂದು ಹೆಂಡತಿ ಶೇಂಗಾ ಉಂಡಿಯ ಡಬ್ಬಿ ಕೊಟ್ಟಳು. ಜೋಳದ ಅರಳನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಳು. ಡಬ್ಬಿಯನ್ನು ಹಿಂದಿನ ಸೀಟಿನಲ್ಲಿ ಇಟ್ಟೆ. ಅರಳಿನ ಗಂಟನ್ನು ನನ್ನ ಪಕ್ಕದ ಸೀಟಿನ ಮುಂದೆ, ಕಾಲಿಡುವಲ್ಲಿ ಇಟ್ಟೆ.

ವಿಜಯಪುರದ ಮೇಲೆ ಹೋದರೆ ದಾರಿ ಸಲೀಸು. ಆದರೆ ಅಪ್ಪ ಯಾವಾಗಲೂ ಸಿಂದಗಿ, ಬಸವನ ಬಾಗೇವಾಡಿ ಎಂದು ಸುತ್ತಿಕೊಂಡು ಹೋಗುತ್ತಿದ್ದ. ನಾನೂ ಅದೇ ದಾರಿ ಹಿಡಿದೆ. ಸಿಂದಗಿ ಕಾಣಿಸುವ ಹೊತ್ತಿಗೆ ಶಾಖ ತೋರಿಸುವ ಮುಳ್ಳು ಕೆಂಪು ಗೆರೆಗೆ ಹತ್ತಿತು. ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು. "ಇವನ ಹೆಣ ಎತ್ತಲಿ!" ಎಂದು ಸ್ಟೇರಿಂಗಿಗೆ ಗುದ್ದಿದೆ. ಅದು ಮತ್ತೇನೂ ಮಾಡದೆ ಆ ಒಡಕು ಹಾರ್ನ್ ಹೊಡೆಯಿತು.

ಸಿಂದಗಿಯಲ್ಲಿ ಅಪ್ಪನ ಪರಿಚಯದ ಒಬ್ಬ ಮೆಕ್ಯಾನಿಕ್ ಇದ್ದಾನೆ. ಕಾರನ್ನು ಕಂಡವನೇ "ಅಯ್ಯ, ಯಪ್ಪಾರ ಗಾಡಿ!" ಎಂದು ಎದ್ದು ಬಂದ. ಆರಲು ಬಿಟ್ಟು, ನೀರು ತುಂಬಿಸಿ, ಕೆಳಗೆ ಮಲಗಿ ನೋಡಿದ. ಒಂದು ಹನಿಯೂ ತೊಟ್ಟಿಕ್ಕುತ್ತಿರಲಿಲ್ಲ. ಕೊಳವೆಯ ಕ್ಲಿಪ್ ಸಡಿಲವಾಗಿತ್ತು, ಅದೇ ಇರಬೇಕು ಎಂದು ಬಿಗಿದು ಕಳಿಸಿದ. ನಾನು ಊರು ದಾಟುವುದರೊಳಗೆ ಮುಳ್ಳು ಮತ್ತೆ ಕೆಂಪಿಗೆ ಹೋಯಿತು. ತಿರುಗಿ ಬಂದೆ.

"ಏನ್ ಬಿಗದ್ಯೋ ಮಾರಾಯಾ? ಸಂಜಿಯೊಳಗ ನಾ ಮುದ್ದೇಬಿಹಾಳ ಮುಟ್ಟಬೇಕು!"

"ಸಾವಕಾಶರೀ. ಗಾಡಿಗಿಂತ ನೀವ ಜಾಸ್ತಿ ಕಾದೀರಿ," ಎಂದ ಅವನು.

ಮತ್ತೆ ಹುಡುಕಿದ. ಹೊರಗಿನಿಂದ ಪಂಪು ಒಣಗಿತ್ತು, ರೇಡಿಯೇಟರ್ ಒಣಗಿತ್ತು, ನೆಲ ಒಣಗಿತ್ತು. ಒಳಗಿನ ನೀರು ಮಾತ್ರ ಕಡಿಮೆಯಾಗಿತ್ತು. ಇಬ್ಬರೂ ತಲೆ ಕೆರೆದುಕೊಂಡೆವು. ಬಿಸಿಲು ನೆತ್ತಿಗೆ ಬಂದಿತ್ತು. ಒಂದು ಹಿಡಿ ಅರಳಾದರೂ ತಿನ್ನೋಣವೆಂದು ಮುಂದಿನ ಬಾಗಿಲು ತೆರೆದು ಗಂಟು ಎತ್ತಿದೆ. ಅದು ಭಾರವಾಗಿತ್ತು. ಬಿಚ್ಚಿದರೆ ಹೂವಿನಂತಿದ್ದ ಅರಳು ಅಂಬಲಿಯಾಗಿ ಕೂತಿತ್ತು, ಹಸಿರು ಹಸಿರಾಗಿ. ಮೂಗಿಗೆ ಹಿಡಿದೆ. ಬೆಲ್ಲದ ಪಾಕದಂಥ ಸಿಹಿ ವಾಸನೆ.

"ತಿಂದ್ರಗಿಂದೀರಿ! ಕೂಲಂಟ್ ವಿಷ ಐತಿ ಅದು," ಎಂದು ಮೆಕ್ಯಾನಿಕ್ ಗಂಟು ಕಿತ್ತುಕೊಂಡ. ಕಾಲೊರೆಸುವ ಮ್ಯಾಟ್ ಎತ್ತಿ ಒತ್ತಿದ. ಅಡಿಯ ಕಂಬಳಿಯಿಂದ ನೀರು ಜಿನುಗಿತು. "ಸಿಕ್ತ ನೋಡ್ರಿ. ಹೀಟರ್ ಸೋರಾಕತ್ತೈತಿ. ಅದಕ್ಕ ಹೊರಗ ಹನಿ ಬೀಳವಲ್ದು, ಎಲ್ಲಾ ಒಳಗ ಇಳದೈತಿ."

ಹೀಟರ್! ನಮ್ಮ ಬಿಸಿಲಿಗೆ ಹೀಟರ್ ಒಂದು ಕೇಡು. ಚಳಿ ದೇಶದವರಿಗೆಂದು ಎಂಜಿನ್ನಿನ ಬಿಸಿನೀರನ್ನು ಕಾರಿನೊಳಗೆ ಹರಿಸುವ ಒಂದು ಪುಟ್ಟ ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಹಿಂದೆ ಕೂರಿಸಿರುತ್ತಾರೆ. ಇಂಡಿಯಲ್ಲಿ ಅದನ್ನು ಯಾರೂ ಹಚ್ಚುವುದಿಲ್ಲ, ಇದೆಯೆಂಬುದೂ ನೆನಪಿರುವುದಿಲ್ಲ. ಅದರ ಬಿರುಕನ್ನು ಇಷ್ಟು ವರ್ಷ ಮುಚ್ಚಿದ್ದದ್ದು ಅಪ್ಪನ ಅರಿಶಿನ. ನಾನು ಸುರಿದ ಕೂಲಂಟ್ ಆ ಅರಿಶಿನವನ್ನು ಸಡಿಲಿಸಿತ್ತು.

"ಹೀಟರಿಗೆ ಹೋಗೂ ಎರಡು ಪೈಪ್ ಒಂದಕ್ಕೊಂದು ಜೋಡಿಸಿದ್ರ ಮುಗೀತ್ರಿ," ಎಂದ ಮೆಕ್ಯಾನಿಕ್. "ನೀರು ಆ ಕಡೆ ಹೋಗೂದ ಇಲ್ಲ. ಸಣ್ಣ ಕೆಲಸ. ಯಪ್ಪಾರಿಗೂ ಇದನ್ನ ಹೇಳಿದ್ದೆ. ಇನಾಮಾಗಿ ಮಾಡಿಕೊಡ್ತೇನಿ ಅಂದೆ. ಬ್ಯಾಡಂದ್ರು."

"ಇನಾಮಾಗಿ ಅಂದ್ರೂ?"

"ಹೌದ್ರಿ. 'ಇರಲಿ ಬಿಡಪಾ, ನನಗ ಅರಿಷಿಣ ಸಾಕು' ಅಂದ್ರು."

ನನಗೆ ಅರ್ಥವಾಗಲಿಲ್ಲ. ಜಿಪುಣ ಪುಕ್ಕಟೆ ಸಿಕ್ಕಿದ್ದನ್ನು ಬಿಡುತ್ತಾನೆಯೇ?

ಅವನು ಪೈಪಿನಿಂದ ರೇಡಿಯೇಟರಿಗೆ ನೀರು ಬಿಟ್ಟು ತೊಳೆದ. ಮೊದಲು ಹಸಿರು ಬಂತು, ಆಮೇಲೆ ಹಳದಿ, ಆಮೇಲೆ ಹಳದಿ ಕೆಸರು. ಗ್ಯಾರೇಜಿನ ಮುಂದಿನ ಗಟಾರದಲ್ಲಿ ಅಪ್ಪ ಹಾಕಿದ ಅರಿಶಿನ ಹರಿದುಹೋಗುತ್ತಿತ್ತು. ಎಣ್ಣೆ, ತುಕ್ಕು, ಎಲ್ಲದರ ನಡುವೆ ಆ ವಾಸನೆ ಉಳಿದಿತ್ತು. ಅಪ್ಪನ ಹಸ್ತದ ಗೆರೆಗಳಲ್ಲಿ ಯಾವಾಗಲೂ ಇರುತ್ತಿದ್ದ ಹಳದಿ ನೆನಪಾಯಿತು. ಮದುಮಗ ನೋಡು ಎಂದು ಅವ್ವ ಚಾಷ್ಟಿ ಮಾಡಿ ನಗುತ್ತಿದ್ದಳು. ಸಾಕು ನಿಲ್ಲಿಸು ಎನ್ನಬೇಕೆನಿಸಿತು. ಅಕ್ಕನನ್ನು ಕರೆತರಬೇಕಿತ್ತು, ತೊಳೆಯಲು ಬಿಟ್ಟೆ. ಅಪ್ಪನನ್ನು ಒಮ್ಮೆ ನೋಡಬೇಕು ಅನ್ನಿಸಿತು. ಮೆಕ್ಯಾನಿಕ್ ನನ್ನ ಮುಖ ನೋಡಿ ಆ ಕಡೆ ತಿರುಗಿಕೊಂಡ.

ಪೈಪುಗಳನ್ನು ಜೋಡಿಸಿ, ಹೊಸ ಕೂಲಂಟ್ ಹಾಕಿ, ಒಳಗಿನ ಗಾಳಿ ಗುಳುಗುಳು ಎಂದು ಹೊರಬರುವವರೆಗೆ ಎಂಜಿನ್ ಓಡಿಸಿ, ಫ್ಯಾನ್ ತಾನೇ ತಿರುಗಿ ತಾನೇ ನಿಂತ ಮೇಲೆ ಅವನು ಮುಚ್ಚಳ ಹಾಕಿದ. "ಇನ್ನ ಕಾಶಿಗೆ ಹೋಗಿ ಬರ್ರಿ," ಎಂದ. ನಾನು ಕಾರು ಓಡಿಸಿದೆ. ಮುಳ್ಳು ನಡುವೆ ನಿಂತದ್ದು ಅಲುಗಲಿಲ್ಲ. ದೇವರ ಹಿಪ್ಪರಗಿ ಹೋಯಿತು, ಬಾಗೇವಾಡಿ ಹೋಯಿತು, ಎಲ್ಲಿಯೂ ನಿಲ್ಲಲಿಲ್ಲ. ಹೊತ್ತು ಇಳಿಯುತ್ತಿತ್ತು. ಮುದ್ದೇಬಿಹಾಳದ ಆ ಓಣಿಯ ತಿರುವಿಗೆ ಬಂದಾಗ ಇನ್ನೂ ದೀಪ ಹಚ್ಚಿರಲಿಲ್ಲ. ಹಾರ್ನ್ ಹೊಡೆದೆ.

ಅಕ್ಕ ಓಡಿ ಬಂದಳು. ತಲೆ ಅರ್ಧ ನೆರೆತ ನನ್ನ ಅಕ್ಕ ಸೆರಗು ಜಾರಿದ್ದೂ ತಿಳಿಯದೆ ಓಡಿ ಬಂದಳು. ಬಲಗೈಯಲ್ಲಿ ತುಂಬಿದ ಕೊಡ, ಎಡಗೈಯಲ್ಲಿ ಅರಿಶಿನದ ಬಟ್ಟಲು.

"ತಗಿ ಬಾನೆಟ್, ಭಾಳ ಬಾಯಾರಿರತೈತಿ," ಎಂದಳು, ನನ್ನ ಮುಖ ಕೂಡ ನೋಡದೆ. ಬಂದವರ ಕಾಲಿಗೆ ನೀರು ಕೊಡುವುದು ರೂಢಿ. ಆ ಮನೆಯಲ್ಲಿ ಮೊದಲ ನೀರು ಕಾರಿಗೆ, ಆಮೇಲೆ ಅಪ್ಪನಿಗೆ ಎಂಬುದು ನನಗೆ ಆಗಲೇ ಗೊತ್ತಾದದ್ದು.

"ನೀರು ಬ್ಯಾಡಬೇ ಅಕ್ಕಾ," ಎಂದೆ, ದೊಡ್ಡ ಸಾಹಸ ಮಾಡಿದವನ ಹಾಗೆ. "ರಿಪೇರಿ ಮಾಡಿಸೇನಿ. ಒಂದು ಹನಿ ಸೋರೂದಿಲ್ಲ ಈಗ. ಸಿಂದಗಿಯಿಂದ ಸೀದಾ ಬಂದ್ನಿ, ಎಲ್ಲೂ ನಿಂದರಲಿಲ್ಲ. ಹೋಗೂದೂ ಸೀದಾನ."

ಅವಳ ಮುಖ ಸಣ್ಣದಾಯಿತು. "ಹೌದಾ? ಛಲೋ ಆತು," ಎಂದು ಕೊಡದ ನೀರನ್ನು ಮುಂದಿನ ಎರಡೂ ಗಾಲಿಗಳ ಮೇಲೆ ಸುರಿದಳು. ಅರಿಶಿನದ ಬಟ್ಟಲನ್ನು ಒಳಗೆ ಇಟ್ಟು ಬಂದಳು. ಉಂಡಿಯ ಡಬ್ಬಿ ಕೊಟ್ಟೆ, ಚಹಾ ಆಯಿತು. ಅತ್ತೆ ಹ್ಞೂಂ ಅಂದರು. ಚೀಲ ಹಿಡಿದು ಅಕ್ಕ ಹೊಸ್ತಿಲು ದಾಟಿದ ಮೇಲೆಯೇ ಒಳಗೆ ದೀಪ ಹಚ್ಚಿದರು. ನಾನು ಗೆದ್ದೆನೆಂದುಕೊಂಡೆ.

ಊರು ದಾಟಿದರೂ ಅವಳು ಮಾತಾಡಲಿಲ್ಲ. ನಾನೇ ತಡೆಯಲಾರದೆ, "ಯಾಕ, ತವರಿಗೆ ಹೊಂಟಿಯೋ ಆಸ್ಪತ್ರಿಗೆ ಹೊಂಟಿಯೋ?" ಎಂದೆ.

"ಏನಿಲ್ಲೋ. ಅಪ್ಪ ಬಾಗೇವಾಡಿ ಮುಟ್ಟೂದ್ರಾಗ ಎರಡು ಸಲ ನಿಂದರಸ್ತಿದ್ದ. ಗಾಡಿ ಕಾದೈತಿ, ಆರಲಿ ಅಂತಿದ್ದ. ಬಾನೆಟ್ ತಗದು ಗಿಡದ ನೆಳ್ಳಿಗೆ ಕೂಡ್ತಿದ್ವಿ. ಆವಾಗ ಕೇಳ್ತಿದ್ದ."

"ಏನಂತ?"

"ಆರಾಮ ಅದೀಯೇನು ಮಗಳ, ಅಂತ. ಮನ್ಯಾಗ ಎಲ್ಲಾರ ಮುಂದ ಕೇಳಾಕ ಅವಂಗ ಬರ್ತಿದ್ದಿಲ್ಲ. ನನಗೂ ಹೇಳಾಕ ಬರ್ತಿದ್ದಿಲ್ಲ. ಗಾಡಿ ಆರೂತನಾ ಹೇಳ್ತಿದ್ದೆ. ವರ್ಷದ್ದೆಲ್ಲಾ."

ಜಿಪುಣ ಪುಕ್ಕಟೆ ರಿಪೇರಿ ಬೇಡವೆಂದದ್ದು ಯಾಕೆಂದು ನನಗೀಗ ತಿಳಿಯಿತು. ಅಪ್ಪ ಸುತ್ತಿನ ದಾರಿ ಹಿಡಿಯುತ್ತಿದ್ದದ್ದು ಯಾಕೆಂದೂ ತಿಳಿಯಿತು. ನನ್ನ ಎದುರು ಆ ಮುಳ್ಳು ನಡುವೆ ನಿಂತಿತ್ತು, ಅಲುಗಲಿಲ್ಲ.

ಬಾಗೇವಾಡಿ ಇನ್ನೂ ಸ್ವಲ್ಪ ದೂರವಿರುವಾಗ ಒಂದು ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದೆ. ಇಳಿದು ಬಾನೆಟ್ ಎತ್ತಿದೆ. ಹೊಗೆಯಿಲ್ಲ, ಏನಿಲ್ಲ. ಅಕ್ಕ ಇಳಿದು ಬಂದು ಇಣುಕಿದಳು.

"ಏನಾತೋ? ರಿಪೇರಿ ಆಗೈತಿ ಅಂದಿ?"

"ಕಾದೈತಿ," ಎಂದೆ.

ಅವಳು ನನ್ನನ್ನು ನೋಡಿದಳು. "ಸುಳ್ಳ ಹೇಳಾಕೂ ಬರೂದಿಲ್ಲ ನಿನಗ, ಭಾಡ್ಯಾ," ಎಂದು ನನ್ನ ಬೆನ್ನಿಗೆ ಗುದ್ದಿ ನಕ್ಕಳು. ನಾನು ನಗಲಿಲ್ಲ. ಅಕ್ಕನನ್ನು ಎದುರಿಗೆ ನಿಂತು ಇಂಥದೊಂದು ಮಾತು ಕೇಳಿ ನನಗೆ ರೂಢಿಯಿಲ್ಲ. ಕಡೆಗೆ ಎಂಜಿನ್ನನ್ನೇ ನೋಡುತ್ತ ಕೇಳಿದೆ: "ಅಕ್ಕಾ, ಆರಾಮ ಅದೀಯೇನು?"

ಫೋನಿನಲ್ಲಿ ಪ್ರತಿ ಸಲವೂ ಅವಳು ಆರಾಮ ಅದೀನಿ ಅನ್ನುತ್ತಿದ್ದಳು. ಅವತ್ತು ಅನ್ನಲಿಲ್ಲ. "ಇಲ್ಲೋ ತಮ್ಮ," ಎಂದಳು. ಬೇವಿನ ಬೇರಿನ ಮೇಲೆ ಕೂತು ಹೇಳತೊಡಗಿದಳು. ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಎರಡು ವರ್ಷದ್ದು ಒಟ್ಟಿಗೆ ಇತ್ತು, ಬೇಗ ಮುಗಿಯುವಂಥದಲ್ಲ. ನಾನು ನಡುವೆ ಬಾಯಿ ಹಾಕದೆ ಕೇಳಿದೆ. ನನ್ನ ಜಾಯಮಾನಕ್ಕೆ ಅದೇ ದೊಡ್ಡದು.

ಪೂರ್ತಿ ಕತ್ತಲಾಗಿತ್ತು. ಬಾಗೇವಾಡಿ ಕಡೆ ಹೊರಟಿದ್ದ ಒಬ್ಬ ಮೋಟರ್ ಸೈಕಲ್ಲಿನವನು ದೀಪದ ಬೆಳಕಿನಲ್ಲಿ ನಮ್ಮನ್ನು ನೋಡಿ ನಿಲ್ಲಿಸಿದ. "ಏನ್ರಿ, ಗಾಡಿ ಕೆಟ್ಟೈತೇನ್ರಿ? ಯಾರನ್ನರ ಕರ್ಕೊಂಡು ಬರಲೇನು?" ಎಂದು ಕೇಳಿದ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಏಳಲು ಹೋದಳು. ನಾನು ಅವಳ ಹೆಗಲ ಮೇಲೆ ಕೈಯಿಟ್ಟು ಕೂರಿಸಿದೆ.

"ಏನೂ ಆಗಿಲ್ರಿ, ನೀವು ನಡೀರಿ," ಎಂದೆ. "ಭಾಳ ಕಾದೈತಿ. ಆರಾಕ ಇನ್ನೂ ಹೊತ್ತು ಬೇಕು."